ಕೆಂಧೂಳಿನ ಸೀಮೆಯಲ್ಲಿ ಫ್ರೇಮ್ ಪೂಲ್: ತಳ ಎಳೆದು ನೀರು ತಿಳಿಯಾಗಿಡುವ ಸಮಗ್ರ ಮಾರ್ಗದರ್ಶಿ

ನೆಲ ಅಗೆಯದೆ, ಕಂಬಿಗಳ ಚೌಕಟ್ಟಿಗೆ ದಪ್ಪ ಪಿವಿಸಿ ಹಾಳೆ ಬಿಗಿದು ನಿಲ್ಲಿಸುವ ಈಜುಕೊಳದ, ಅಂದರೆ ಫ್ರೇಮ್ ಪೂಲಿನ, ಜೊತೆ ಒಂದು ಕೈಪಿಡಿ ಬರುತ್ತದೆ. ಉದುರಿದ ಎಲೆ, ಸತ್ತ ಹುಳು, ಕಾಲಿಗಂಟಿ ಬಂದ ಮರಳು, ಇಷ್ಟನ್ನೇ ಕಸವೆಂದು ಎಣಿಸಿ ಬರೆದ ಕೈಪಿಡಿ ಅದು. ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಪೂಲಿನ ತಳದಲ್ಲಿ ಕೂರುವುದು ಅದಿರಿನ ಕೆಂಧೂಳು. ಸಿರುಗುಪ್ಪದ ಕಡೆ ಹೋದರೆ ಎರೆಹೊಲದ ಕಪ್ಪು ಧೂಳು. ಕೈಪಿಡಿಯಲ್ಲಿ ಹೇಳಿದಂತೆ ಪಂಪು ಹಚ್ಚಿ ವ್ಯಾಕ್ಯೂಮ್ ಹಿಡಿದರೆ ಈ ಧೂಳು ಫಿಲ್ಟರಿನ ಒಂದು ಬಾಯಿಂದ ಒಳಹೊಕ್ಕು ಇನ್ನೊಂದು ಬಾಯಿಂದ ಮತ್ತೆ ಪೂಲಿಗೇ ಬರುತ್ತದೆ. ಎರಡು ತಾಸು ದುಡಿದ ಮೇಲೂ ನೀರು ಚಹಾದ ಬಣ್ಣದಲ್ಲೇ ಇರುವುದಕ್ಕೆ ಕಾರಣ ಇದೇ. ಹಾಗಾಗಿ ನಮ್ಮ ಕಡೆಯ ಮೊದಲ ನಿಯಮ: ನುಣ್ಣನೆಯ ಧೂಳನ್ನು ಫಿಲ್ಟರಿಗೆ ತಿನ್ನಿಸಬೇಡಿ, ನೀರಿನ ಜೊತೆ ಹೊರಗೆ ಕಳಿಸಿ. ನೆಲದ ಮೇಲೆ ನಿಂತ ಪೂಲಿಗೆ ಇದು ಸುಲಭ. ನೀರು ಹೊರಗಿನ ನೆಲಕ್ಕಿಂತ ಎತ್ತರದಲ್ಲಿರುವುದರಿಂದ ಕರೆಂಟಿಲ್ಲದೆ, ಬರಿ ಪೈಪಿನಿಂದಲೇ ತಳ ಎಳೆಯಬಹುದು, ಅಂದರೆ ತಳದ ಕೊಳೆಯನ್ನು ನೀರಿನ ಜೊತೆ ಹೀರಿ ಹೊರಹಾಕಬಹುದು. ಇದಕ್ಕೇ ಸೈಫನ್ ಎನ್ನುವುದು.

ಮೊದಲು ಪೂಲಿನ ಲೆಕ್ಕ

ಮುಂದೆ ಹೇಳುವ ಎಲ್ಲ ಅಳತೆಗಳಿಗೂ ನಿಮ್ಮ ಪೂಲಿನಲ್ಲಿ ಎಷ್ಟು ಲೀಟರ್ ನೀರಿದೆ ಎಂಬುದು ಗೊತ್ತಿರಬೇಕು. ದುಂಡನೆಯ ಪೂಲಾದರೆ ಅಡ್ಡಳತೆಯನ್ನು ಮೀಟರಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿ. ಗೋಡೆಯ ಎತ್ತರವನ್ನಲ್ಲ, ನೀರು ನಿಂತಿರುವ ಆಳವನ್ನು ಅಳೆಯಬೇಕು. 12 ಅಡಿ ಅಗಲ, 30 ಇಂಚು ಎತ್ತರದ ಪೂಲಿನಲ್ಲಿ ಅಡ್ಡಳತೆ 3.66 ಮೀಟರ್, ನೀರಿನ ಆಳ ಸುಮಾರು 62 ಸೆಂ.ಮೀ.; ಲೆಕ್ಕ ಹಾಕಿದರೆ ಹತ್ತಿರಹತ್ತಿರ 6,500 ಲೀಟರ್. 15 ಅಡಿಯ ಪೂಲಿನಲ್ಲಿ ಒಂದು ಮೀಟರ್ ನೀರಿದ್ದರೆ 16,400 ಲೀಟರ್. ಇಲ್ಲಿನ ಉದಾಹರಣೆಗಳೆಲ್ಲ 6,500 ಲೀಟರಿನ ಪೂಲಿಗೆ. ಆ ಪೂಲಿನಲ್ಲಿ ನೀರು ಒಂದು ಸೆಂ.ಮೀ. ಇಳಿದರೆ 105 ಲೀಟರ್ ಹೋಯಿತು ಎಂದರ್ಥ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಲೆಕ್ಕದಿಂದ ಹೊರಡುವ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. 6,500 ಲೀಟರ್ ಎಂದರೆ ಆರೂವರೆ ಟನ್. ಚದರ ಮೀಟರಿಗೆ 620 ಕಿಲೋ ಭಾರ ಬೀಳುತ್ತದೆ. ಮನೆಯ ಮಾಳಿಗೆಯ ಸ್ಲ್ಯಾಬನ್ನು ಸಾಮಾನ್ಯವಾಗಿ 150ರಿಂದ 200 ಕಿಲೋ ಭಾರಕ್ಕೆ ಹಾಕಿರುತ್ತಾರೆ. ಗಾಳಿಗೆ ಚೆನ್ನಾಗಿರುತ್ತದೆಂದು ಪೂಲನ್ನು ಮಾಳಿಗೆಗೆ ಏರಿಸಬೇಡಿ.

ತಳದಲ್ಲಿ ಕೂತಿರುವುದು ಯಾವ ಧೂಳು?

ಇದನ್ನು ನೋಡದೆ ಕೆಲಸಕ್ಕೆ ಇಳಿದವರು ಒಂದೇ ಕೆಲಸವನ್ನು ಮೂರು ಸಲ ಮಾಡುತ್ತಾರೆ. ಒಂದು ಗಾಜಿನ ಬಾಟಲಿಯಲ್ಲಿ ತಳದ ಕೊಳೆಯನ್ನು ನೀರಿನೊಂದಿಗೆ ತೆಗೆದುಕೊಂಡು, ಕುಲುಕಿ, ಕಿಟಕಿಯಲ್ಲಿಡಿ.

ಅದಿರಿನ ಕೆಂಧೂಳಾದರೆ ಹೆಚ್ಚಿನ ಪಾಲು ಕೆಲವೇ ನಿಮಿಷಗಳಲ್ಲಿ ತಳ ಸೇರುತ್ತದೆ. ಹೆಮಟೈಟ್ ಅದಿರು ನೀರಿಗಿಂತ ಐದು ಪಟ್ಟು ತೂಕ, ಸಾಧಾರಣ ಮರಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಮೇಲೆ ಒಂದು ತೆಳು ಕೆಂಪು ಛಾಯೆ ಉಳಿದೇ ಉಳಿಯುತ್ತದೆ. ಅದು ಕುಂಕುಮಕ್ಕಿಂತ ನುಣ್ಣನೆಯ ಭಾಗ, ಫಿಲ್ಟರನ್ನು ದಾಟಿ ಹೋಗುವುದೂ ಅದೇ.

ಎರೆಮಣ್ಣಾದರೆ ಮಾರನೇ ದಿನವೂ ಬಾಟಲಿ ಮಬ್ಬಾಗಿಯೇ ಇರುತ್ತದೆ. ಎರೆಯ ಜೇಡಿ ಕಣಗಳು ಒಂದನ್ನೊಂದು ದೂರ ತಳ್ಳುತ್ತ ನೀರಿನಲ್ಲಿ ತೇಲಾಡುತ್ತವೆ, ತಾವಾಗಿ ಕೂರುವುದು ಅಪರೂಪ. ಮಳೆಗಾಲದಲ್ಲಿ ತುಂಗಭದ್ರಾ ಕಾಲುವೆಯ ನೀರು ತುಂಬಿಸಿದರೂ ಇದೇ ಪಾಡು. ಇದಕ್ಕೆ ಆಲಂ, ಅಂದರೆ ಕೊಳೆಯನ್ನು ಒಟ್ಟುಗೂಡಿಸಿ ಕೂರಿಸುವ ಪಟಿಕ, ಬೇಕೇ ಬೇಕು.

ರಾಯಚೂರಿನ ಶಕ್ತಿನಗರದ ಸುತ್ತಮುತ್ತ ಬೀಳುವ ಹಾರುಬೂದಿ ಇನ್ನೊಂದು ಬಗೆ. ಅದರ ಕೆಲವು ಕಣಗಳು ಒಳಗೆ ಟೊಳ್ಳಾದ ಸಣ್ಣ ಗೋಲಿಗಳಂತಿರುವುದರಿಂದ ಮೇಲೆಯೇ ತೇಲುತ್ತವೆ. ತಳ ಎಷ್ಟು ಎಳೆದರೂ ಅವು ಹೋಗವು. ನುಣ್ಣನೆ ಜಾಲರಿಯಿಂದ, ಇಲ್ಲವೇ ತೆಳು ಬಟ್ಟೆಯನ್ನು ಜಾಲರಿಗೆ ಹೊದಿಸಿ ಮೇಲ್ಮೈಯಿಂದ ಬಳಿದು ತೆಗೆಯಬೇಕು.

ಕೊಪ್ಪಳ ಜಿಲ್ಲೆಯ ಗಿಣಿಗೇರಾ ಕಡೆ ಕಾರ್ಖಾನೆಗಳ ಕರಿಧೂಳು ಬೀಳುವಲ್ಲಿ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತೆಗೆದ ಧೂಳಿನ ಮೇಲೆ ಆಡಿಸಿ ನೋಡಿ. ಮೀಸೆಯಂತೆ ಎದ್ದು ಅಂಟಿದರೆ ಅದರಲ್ಲಿ ಲೋಹದ ಕಬ್ಬಿಣವೋ ಮ್ಯಾಗ್ನೆಟೈಟೋ ಇದೆ. ಲೋಹದ ಕಣವನ್ನು ತಳದಲ್ಲಿ ಎರಡು ಮೂರು ದಿನ ಬಿಟ್ಟರೆ ಅಲ್ಲೇ ತುಕ್ಕು ಹಿಡಿದು ಹಾಳೆಯ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಅಂಥ ಕಡೆ ವಾರಕ್ಕೊಮ್ಮೆ ಸಾಲದು, ಮೂರು ದಿನಕ್ಕೊಮ್ಮೆ ಎಳೆಯಿರಿ.

ಬೇಕಾಗುವ ಸಾಮಾನು

ಎಂಟರಿಂದ ಹತ್ತು ಅಡಿ ಉದ್ದದ ಕೋಲು. ಉದ್ದ ಹೆಚ್ಚಿಸಬಹುದಾದ ಅಲ್ಯೂಮಿನಿಯಂ ಕೋಲು ಒಳ್ಳೆಯದೇ, ಆದರೆ ಹೊಲದ ಮನೆಗಳಲ್ಲಿ ಜೆಸ್ಕಾಂನ ವಿದ್ಯುತ್ ತಂತಿ ತಲೆಯ ಮೇಲೆಯೇ ಹಾದು ಹೋಗಿರುತ್ತದೆ. ಒದ್ದೆ ಕೈಯಲ್ಲಿ ಲೋಹದ ಕೋಲನ್ನು ನೆಟ್ಟಗೆ ಎತ್ತಿದರೆ ಪ್ರಾಣಕ್ಕೆ ಎರವು. ತಂತಿ ಹತ್ತಿರವಿದ್ದರೆ ಒಂದು ಇಂಚಿನ ಪಿವಿಸಿ ಪೈಪನ್ನೇ ಕೋಲಾಗಿ ಬಳಸಿ.

ವ್ಯಾಕ್ಯೂಮಿನ ತಲೆ, ಅಂದರೆ ತಳದ ಮೇಲೆ ಸರಿಸುತ್ತ ಕೊಳೆ ಹೀರುವ ಬಾಯಿ. ಗಾಲಿ ಇರುವ ಭಾರದ ತಲೆ ಸಿಮೆಂಟಿನ ಈಜುಕೊಳಕ್ಕೆ ಮಾಡಿದ್ದು, ಹಾಳೆಯ ಮಡಿಕೆಗಳನ್ನು ಅದು ಕೊರೆದು ಹಾಕುತ್ತದೆ. ಕೆಳಗೆ ಬ್ರಷ್ ಕೂದಲಿರುವ ತಲೆಯನ್ನೇ ಕೊಳ್ಳಿ. ಅಗಲದ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಅಗಲ ಹೆಚ್ಚಿದ್ದರೆ ಕೆಲಸ ಬೇಗ ಮುಗಿಯುತ್ತದೆ ಅನ್ನಿಸಬಹುದು, ಆದರೆ ಒಂದು ಇಂಚಿನ ಪೈಪಿಗೆ 14 ಇಂಚಿನ ತಲೆ ಹಾಕಿದರೆ ಎಳೆತ ಹಂಚಿಹೋಗಿ ಭಾರದ ಅದಿರಿನ ಕಣ ಏಳುವುದೇ ಇಲ್ಲ. ಒಂದು ಇಂಚಿನ ಪೈಪಿಗೆ 6ರಿಂದ 8 ಇಂಚಿನ ತಲೆ, ಒಂದೂವರೆ ಇಂಚಿನ ಪೈಪಿಗೆ 12ರಿಂದ 14 ಇಂಚಿನದು ಸರಿ.

ಪೈಪು. ಹೊಲದ ಪಂಪಿಗೆ ಹಾಕುವ ಹಸಿರು ಸಕ್ಷನ್ ಪೈಪು ಗಡುಸು, ತಳದ ಮೇಲೆ ತಿರುಗಿಸುವುದು ಕಷ್ಟ. ಪೂಲಿಗೆಂದೇ ಮಾಡಿದ ಹಗುರ ಸುರುಳಿ ಪೈಪು ಸಿಕ್ಕರೆ ಉತ್ತಮ, ಇಲ್ಲದಿದ್ದರೆ ದಾರ ಹೆಣೆದ ಪಾರದರ್ಶಕ ಒಂದು ಇಂಚಿನ ಪೈಪು ಸಾಕು. 6,500 ಲೀಟರಿನ ಪೂಲಿಗೆ ಒಂದು ಇಂಚೇ ಹೇಳಿಮಾಡಿಸಿದ್ದು. ಒಂದೂವರೆ ಇಂಚಿನದು ನೋಡುನೋಡುತ್ತಲೇ ಪೂಲನ್ನು ಬರಿದು ಮಾಡುತ್ತದೆ. ಪೈಪು ಪೂರ್ತಿ ಪಾರದರ್ಶಕ ಇಲ್ಲದಿದ್ದರೆ ಹೊರತುದಿಯಲ್ಲಿ ಒಂದಡಿ ಪಾರದರ್ಶಕ ತುಂಡು ಜೋಡಿಸಿ. ಕೊಳೆ ಬರುತ್ತಿದೆಯೋ ಬರಿ ನೀರು ಪೋಲಾಗುತ್ತಿದೆಯೋ ಎಂಬುದು ಆ ತುಂಡಿನಲ್ಲೇ ಕಾಣುತ್ತದೆ. ನೀರಿನಲ್ಲಿ ಮುಳುಗುವ ಪೈಪಾದರೆ ಎರಡೆರಡು ಅಡಿಗೆ ಒಂದರಂತೆ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ಕಟ್ಟಿ. ಕಟ್ಟದಿದ್ದರೆ ಪೈಪು ತಳದ ಮೇಲೆ ಹರಿದಾಡಿ, ನೀವು ಇನ್ನೂ ಮುಟ್ಟದ ಕಡೆಯ ಧೂಳನ್ನೆಲ್ಲ ಎಬ್ಬಿಸುತ್ತದೆ.

ಇವಲ್ಲದೆ ಜಾಲರಿ, ಮೆತ್ತನೆ ಬ್ರಷ್, 15 ಲೀಟರಿನ ಬಕೆಟ್, ಮೆಡಿಕಲ್ ಅಂಗಡಿಯ 5 ಮಿ.ಲೀ. ಸಿರಿಂಜ್, ಕ್ಲೋರಿನ್ ಮತ್ತು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡುವ ಹನಿ ಪರೀಕ್ಷೆಯ ಡಬ್ಬಿ, 200 ಲೀಟರಿನ ಎರಡು ಮೂರು ಡ್ರಮ್ಮು.

ಹಿಂದಿನ ಸಂಜೆ: ಕೊಳೆಯನ್ನು ಕೂರಿಸುವುದು

ಅರ್ಧ ಕೆಲಸ ಮುಗಿಯುವುದು ಇಲ್ಲೇ. ಸಂಜೆ ಗಾಳಿ ತಗ್ಗಿದ ಮೇಲೆ ಶುರು ಮಾಡಿ.

1. ಮೇಲೆ ತೇಲುವುದನ್ನೂ ತಳದ ಎಲೆಗಳನ್ನೂ ಜಾಲರಿಯಿಂದ ತೆಗೆಯಿರಿ. ಯುಗಾದಿಯ ಹೊತ್ತಿಗೆ ಬೇವಿನ ಹೂ ಉದುರಿ ಪೂಲಿನ ಮೇಲೆ ಹಾಸುತ್ತದೆ. ಅದನ್ನು ಅದೇ ದಿನ ತೆಗೆಯದಿದ್ದರೆ ನೆನೆದು ತಳ ಸೇರಿ ಪೈಪನ್ನು ಕಟ್ಟುತ್ತದೆ.

2. ಗೋಡೆಯನ್ನು ಮೇಲಿಂದ ಕೆಳಕ್ಕೆ ಬ್ರಷ್ ಮಾಡಿ. ನೀರಿನ ಗೆರೆ ಇರುವಲ್ಲಿ, ಏಣಿಯ ಕಾಲಿನ ಹಿಂದೆ, ಗೋಡೆ ತಳ ಸೇರುವ ಮೂಲೆಯಲ್ಲಿ ಹೆಚ್ಚು ಹೊತ್ತು ಕೊಡಿ.

3. ಪಿಎಚ್ ನೋಡಿ. 7.2ರಿಂದ 7.6ರ ಒಳಗಿದ್ದರೆ ಆಲಂ ಚೆನ್ನಾಗಿ ಕೆಲಸ ಮಾಡುತ್ತದೆ. 8 ದಾಟಿದ್ದರೆ ಅದು ಹೂವಿನಂತೆ ಕಟ್ಟಿಕೊಳ್ಳದೆ ನೀರಿನಲ್ಲೇ ಕರಗಿ ಉಳಿಯುತ್ತದೆ, ಆಗ ಮೊದಲು ಪಿಎಚ್ ಇಳಿಸಬೇಕು. ಆ ಕ್ರಮ ಮುಂದೆ ಇದೆ.

4. ಕಿರಾಣಿ ಅಂಗಡಿಯ ಆಲಂ ಕಲ್ಲನ್ನು ಪುಡಿ ಮಾಡಿ, 100 ಗ್ರಾಂ ಪುಡಿಯನ್ನು ಒಟ್ಟು ಒಂದು ಲೀಟರ್ ಆಗುವಂತೆ ನೀರಿನಲ್ಲಿ ಕರಗಿಸಿ. ಬೆಚ್ಚಗಿನ ನೀರಾದರೆ ಬೇಗ ಕರಗುತ್ತದೆ. ಕೊಡದಲ್ಲಿ ಕಲ್ಲು ತಿರುಗಿಸುವಂತೆ ಪೂಲಿನಲ್ಲಿ ತಿರುಗಿಸಿದರೆ ಎಷ್ಟು ಸೇರಿತು ಎಂಬ ಅಂದಾಜೇ ಸಿಗುವುದಿಲ್ಲ.

5. ಪೂಲಿನ ನೀರನ್ನು ಮೂರು ಬಕೆಟ್‌ಗಳಲ್ಲಿ 15 ಲೀಟರಿನಂತೆ ತೆಗೆದು, ಸಿರಿಂಜಿನಿಂದ ಒಂದಕ್ಕೆ 2, ಇನ್ನೊಂದಕ್ಕೆ 3, ಮತ್ತೊಂದಕ್ಕೆ 5 ಮಿ.ಲೀ. ಆಲಂ ನೀರು ಹಾಕಿ. ಒಂದು ನಿಮಿಷ ಜೋರಾಗಿ, ಐದು ನಿಮಿಷ ಮೆಲ್ಲಗೆ ತಿರುವಿ ಅರ್ಧ ತಾಸು ಬಿಡಿ. ಕಡಿಮೆ ಆಲಂನಲ್ಲಿ ತಿಳಿಯಾದ ಬಕೆಟ್ ಯಾವುದೋ ಅದೇ ನಿಮ್ಮ ಅಳತೆ. 6,500 ಲೀಟರ್ ಎಂದರೆ 433 ಬಕೆಟ್. ಬಕೆಟ್ಟಿಗೆ 3 ಮಿ.ಲೀ. ಸಾಕಾದರೆ ಪೂಲಿಗೆ 1.3 ಲೀಟರ್ ಆಲಂ ನೀರು, ಅಂದರೆ 130 ಗ್ರಾಂ ಆಲಂ. ಹೆಚ್ಚು ಹಾಕಿದರೆ ಹೆಚ್ಚು ತಿಳಿಯಾಗುತ್ತದೆ ಎಂಬುದು ತಪ್ಪು. ಅತಿಯಾದರೆ ನೀರು ಮತ್ತೆ ಹಾಲಿನಂತೆ ಮಬ್ಬಾಗುತ್ತದೆ.

6. ಪಂಪು ನಿಲ್ಲಿಸಿ. ಆಲಂ ಕಟ್ಟಿದ ಕೊಳೆ ಫಿಲ್ಟರಿಗೆ ಹೋದರೆ ಕಾಗದದ ಕಾರ್ಟ್ರಿಜ್ ಮೇಣ ಬಳಿದಂತಾಗುತ್ತದೆ, ಮರಳು ಉಂಡೆಗಟ್ಟುತ್ತದೆ. ಅಳೆದ ಆಲಂ ನೀರನ್ನು ಒಂದು ಬಕೆಟ್ ಪೂಲಿನ ನೀರಿಗೆ ಬೆರೆಸಿ ಸುತ್ತಲೂ ಚೆಲ್ಲಿ, ಬ್ರಷ್ಷಿನ ಕೋಲಿನಿಂದ ಕಲಸಿ.

7. ಕಲಸುವುದನ್ನು ಕೊನೆಯ ಐದು ನಿಮಿಷ ಒಂದೇ ದಿಕ್ಕಿನಲ್ಲಿ, ಬೀಸುಕಲ್ಲು ತಿರುಗಿದಂತೆ ಮೆಲ್ಲಗೆ ಮಾಡಿ, ಆಮೇಲೆ ಕೈ ಬಿಡಿ. ದುಂಡನೆಯ ಪೂಲಿನಲ್ಲಿ ಇದು ಬಹಳ ಉಪಯೋಗದ ಕೆಲಸ. ನೀರು ತಿರುಗುತ್ತ ನಿಲ್ಲುವಾಗ ತಳದ ಸಮೀಪದ ಪದರ ನಡುವಿನ ಕಡೆಗೆ ಸರಿಯುತ್ತದೆ, ಕೊಳೆಯನ್ನೂ ಒಯ್ಯುತ್ತದೆ. ಲೋಟದಲ್ಲಿ ಚಹಾಪುಡಿ ನಡುವೆ ಗುಂಪಾಗುವುದು ಇದೇ ಕಾರಣಕ್ಕೆ. ಬೆಳಿಗ್ಗೆ ನೋಡಿದರೆ ಕೆಂಪು ಕೊಳೆಯ ಹೆಚ್ಚಿನ ಪಾಲು ನಡುವೆ ರೊಟ್ಟಿಯಂತೆ ಕೂತಿರುತ್ತದೆ.

8. ಪೂಲನ್ನು ಮುಚ್ಚಿ, ಏಣಿ ತೆಗೆದಿಡಿ. ಮಕ್ಕಳಿರುವ ಮನೆಯಲ್ಲಿ ಏಣಿಯನ್ನು ಪೂಲಿಗೆ ಒರಗಿಸಿಟ್ಟು ಮಲಗಲೇಬಾರದು.

ಬೆಳಿಗ್ಗೆ: ಸೈಫನ್ನಿನಿಂದ ತಳ ಎಳೆಯುವುದು

ಗಾಳಿ ಏಳುವ ಮೊದಲು ಮುಗಿಸಿ. ಪೂಲಿನೊಳಗೆ ಇಳಿಯಬೇಡಿ, ಒಂದು ಹೆಜ್ಜೆಗೇ ರಾತ್ರಿಯೆಲ್ಲ ಕೂತದ್ದು ಎದ್ದು ಬಿಡುತ್ತದೆ. 12 ಅಡಿಯ ಪೂಲಿಗೆ ಎಂಟಡಿ ಕೋಲು ಹೊರಗಿನಿಂದಲೇ ನಡು ದಾಟುತ್ತದೆ. ಒಂದು ಬದಿಯಲ್ಲಿ ಸ್ಟೂಲು ಹಾಕಿ ಅರ್ಧ ಮುಗಿಸಿ, ಆಮೇಲೆ ಎದುರು ಬದಿಗೆ ಹೋಗಿ.

ಎಳೆತದ ಬಲವನ್ನು ತೀರ್ಮಾನಿಸುವುದು ಪೂಲಿನ ನೀರಿನ ಮಟ್ಟಕ್ಕೂ ಪೈಪಿನ ಹೊರತುದಿಗೂ ಇರುವ ಎತ್ತರದ ಅಂತರ. ಹೊರತುದಿ ಪೂಲಿನ ಪಕ್ಕದ ನೆಲದ ಮೇಲಿದ್ದರೆ ಅಂತರ 62 ಸೆಂ.ಮೀ. ಅದನ್ನೇ ಇಳಿಜಾರಿನ ಕಡೆಗೋ ಗಿಡದ ಪಾತಿಗೋ ಒಯ್ದು ಇನ್ನೊಂದು ಎರಡಡಿ ತಗ್ಗಿಸಿದರೆ ಅಂತರ ದುಪ್ಪಟ್ಟಾಗುತ್ತದೆ, ಹರಿವು ಸುಮಾರು ಒಂದೂವರೆ ಪಟ್ಟಿನ ಹತ್ತಿರ ಬರುತ್ತದೆ. ಸ್ಟೂಲಿನ ಮೇಲಿಟ್ಟ ಡ್ರಮ್ಮಿಗೆ ಬಿಟ್ಟರೆ ಎಳೆತ ಸತ್ತುಹೋಗುತ್ತದೆ.

ಪೈಪಿಗೆ ನೀರು ತುಂಬಿಸುವಾಗ ಬಾಯಿ ಹಚ್ಚಿ ಎಳೆಯಬೇಡಿ, ಇದು ಕ್ಲೋರಿನ್ ಹಾಕಿದ ನೀರು. ತಲೆಯನ್ನು ಕೋಲಿಗೆ, ಪೈಪನ್ನು ತಲೆಗೆ ಸಿಕ್ಕಿಸಿ, ತಲೆಯನ್ನು ಕೊಳೆ ಕಡಿಮೆ ಇರುವ ಅಂಚಿನಲ್ಲಿ ಮೆಲ್ಲಗೆ ಇಳಿಸಿ. ಹೊರತುದಿಗೆ ನಲ್ಲಿಯ ಪೈಪು ಹಿಡಿದು ನೀರು ಬಿಡಿ. ತಲೆಯ ಬಾಯಿಂದ ಗುಳ್ಳೆ ಬರುವುದು ನಿಂತರೆ ಪೈಪು ತುಂಬಿತು. ಈಗ ಹೊರತುದಿಯನ್ನು ಅಂಗೈಯಿಂದ ಮುಚ್ಚಿ ನೆಲಕ್ಕೆ ತಂದು ಬಿಡಿ. ನಲ್ಲಿ ದೂರವಿದ್ದರೆ ಇಡೀ ಪೈಪನ್ನು ಸುರುಳಿ ಸುರುಳಿಯಾಗಿ ಪೂಲಿನ ಅಂಚಿನಲ್ಲೇ ಮುಳುಗಿಸಿ ಗಾಳಿ ಹೊರಡಿಸಬಹುದು.

ಶುರುವಾದ ಕೂಡಲೇ ಒಮ್ಮೆ ಬಕೆಟ್ ಹಿಡಿದು ಅಳೆಯಿರಿ. 15 ಲೀಟರ್ 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 22.5 ಲೀಟರ್ ಹೋಗುತ್ತಿದೆ. 20 ನಿಮಿಷ ಎಳೆದರೆ 450 ಲೀಟರ್. ಪೂಲಿನ ಮಟ್ಟ ನಾಲ್ಕು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ಎಷ್ಟು ನೀರು ಕಳೆದುಕೊಳ್ಳಲು ಸಿದ್ಧರಿದ್ದೀರಿ ಎಂಬುದನ್ನು ಮೊದಲೇ ನಿರ್ಧರಿಸಿ ಗೋಡೆಗೆ ಟೇಪಿನ ಗುರುತು ಹಾಕಿ.

ನಡುವಿನ ದಪ್ಪ ಕೊಳೆಯನ್ನು ಮೊದಲು ಎಳೆಯಿರಿ. ತಲೆಯನ್ನು ಅದರ ಅಂಚಿಗೆ ತಂದು, ಒಂದಡಿ ದಾಟಲು ನಾಲ್ಕೈದು ಸೆಕೆಂಡಾಗುವಷ್ಟು ನಿಧಾನಕ್ಕೆ ಸರಿಸಿ. ಕಸ ಗುಡಿಸುವ ವೇಗ ಇಲ್ಲಿ ನಡೆಯುವುದಿಲ್ಲ. ತಲೆಯ ಮುಂದೆ ಕೆಂಪು ಹೊಗೆ ಎದ್ದರೆ ನಿಮ್ಮ ಕೈ ವೇಗವಾಗಿದೆ ಎಂದೇ ಅರ್ಥ. ಅಲ್ಲೇ ನಿಲ್ಲಿಸಿ, ಬೇರೆ ಬದಿಗೆ ಹೋಗಿ, ಅರ್ಧ ತಾಸಿನ ನಂತರ ಅಲ್ಲಿಗೆ ಮರಳಿ. ನಡು ಮುಗಿದ ಮೇಲೆ ಗೋಡೆಯಿಂದ ನಡುವಿಗೆ, ಬಂಡಿಗಾಲಿಯ ಅರಗಳಂತೆ, ಒಂದರ ಮೇಲೊಂದು ಎರಡು ಇಂಚು ಬೀಳುವ ಹಾಗೆ ಸಾಲು ಎಳೆಯಿರಿ. ಹಾಳೆಯ ಮಡಿಕೆಗಳಲ್ಲಿ ಅದಿರು ಕೂತಿರುತ್ತದೆ. ಮಡಿಕೆಗೆ ಅಡ್ಡವಾಗಿ ಎಳೆದರೆ ಬಾರದು, ಅದರ ಉದ್ದಕ್ಕೇ ಎಳೆಯಬೇಕು.

ಎಳೆತ ನಡುವೆ ನಿಂತರೆ ಮೂರು ಕಡೆ ನೋಡಿ: ತಲೆ ನೀರಿನಿಂದ ಮೇಲೆದ್ದು ಗಾಳಿ ಹೊಕ್ಕಿತೇ, ಪೈಪು ಗೋಡೆಯ ಅಂಚಿನಲ್ಲಿ ಮಡಿಚಿತೇ, ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ. ಗೋಡೆಯ ಅಂಚಿನಲ್ಲಿ ಪೈಪಿನ ಕೆಳಗೆ ಹಳೆ ಟೈರಿನ ತುಂಡು ಇಟ್ಟರೆ ಮಡಿಚುವುದಿಲ್ಲ. ತಲೆ ಹಾಳೆಗೆ ಕಚ್ಚಿಕೊಂಡರೆ ಜಗ್ಗಬೇಡಿ. ಹೊರತುದಿಯನ್ನು ಅಂಗೈಯಿಂದ ಮುಚ್ಚಿದರೆ ತಾನೇ ಬಿಡುತ್ತದೆ.

ಪಂಪಿನಿಂದ ಎಳೆಯಬೇಕಾದಾಗ

ಎಲೆಯ ಚೂರು, ದಪ್ಪ ಮರಳು, ಸತ್ತ ಹುಳುಗಳಿಗೆ ಪಂಪು ಸರಿ. ಗಂಟೆಗೆ 3,000 ಲೀಟರಿಗಿಂತ ಕಡಿಮೆಯ ಪಂಪಿಗೆ ವ್ಯಾಕ್ಯೂಮ್ ಎಳೆಯುವ ಶಕ್ತಿ ಇರುವುದಿಲ್ಲ. ಚಿಕ್ಕ ಪೂಲುಗಳ ಜೊತೆ ಬರುವ ಕಾರ್ಟ್ರಿಜ್ ಪಂಪುಗಳಲ್ಲಿ ಬಹಳಷ್ಟು ಈ ಮಟ್ಟ ಮುಟ್ಟುವುದಿಲ್ಲ.

ಮರಳಿನ ಫಿಲ್ಟರಿದ್ದರೆ ಅದರ ತಲೆಯ ವಾಲ್ವನ್ನು ‘ವೇಸ್ಟ್’ಗೆ ತಿರುಗಿಸಿ ಎಳೆದರೆ ಕೊಳೆ ಮರಳನ್ನು ಮುಟ್ಟದೆ ನೇರ ಹೊರಗೆ ಹೋಗುತ್ತದೆ, ಕೆಂಧೂಳಿಗೂ ಈ ದಾರಿ ನಡೆಯುತ್ತದೆ, ನೀರು ಮಾತ್ರ ಬೇಗ ಇಳಿಯುತ್ತದೆ. ಪಂಪು ಓಡುತ್ತಿರುವಾಗ ಆ ವಾಲ್ವಿನ ಹಿಡಿಯನ್ನು ತಿರುಗಿಸಲೇಬೇಡಿ. ಒಳಗಿನ ಜೇಡರ ಬಲೆಯಾಕಾರದ ರಬ್ಬರ್ ವಾಷರ್ ಎದ್ದು ಹರಿದುಹೋಗುತ್ತದೆ, ಆಮೇಲೆ ಯಾವ ಸ್ಥಾನಕ್ಕಿಟ್ಟರೂ ಸ್ವಲ್ಪ ನೀರು ವೇಸ್ಟಿಗೆ ಸೋರುತ್ತಲೇ ಇರುತ್ತದೆ. ಪೈಪಿಗೆ ನೀರು ತುಂಬಿಸಲು ಪೂಲಿಗೆ ನೀರು ಮರಳುವ ಬಾಯಿಗೆ ಪೈಪಿನ ತುದಿ ಒತ್ತಿ ಹಿಡಿಯಿರಿ. ಗುಳ್ಳೆ ನಿಂತ ಕೂಡಲೇ ತುದಿಯನ್ನು ನೀರಿನೊಳಗೇ ಸರಿಸಿ ಎಳೆಯುವ ಬಾಯಿಗೆ ಸಿಕ್ಕಿಸಿ. ನೀರಿನ ಮಟ್ಟ ಆ ಬಾಯಿಗಿಂತ ಕೆಳಗಿಳಿದರೆ ಪಂಪು ಗಾಳಿ ಕುಡಿದು ಸುಡುತ್ತದೆ. ಪಂಪಿನ ಲೈನಿಗೆ ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ಮತ್ತು ವ್ಯಾಕ್ಯೂಮ್ ನಡೆಯುವಾಗ ಪೂಲಿನಲ್ಲಿ ಯಾರೂ ಇರಬಾರದು.

ಹೊರಬಂದ ನೀರನ್ನು ಏನು ಮಾಡುವುದು

ಮೇ ತಿಂಗಳಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ತುಂಬಿಸಿದ ನೀರನ್ನು ಚರಂಡಿಗೆ ಬಿಡಲು ಯಾರಿಗೂ ಮನಸ್ಸಾಗದು, ಆಗಲೂ ಬಾರದು. ಪೂಲಿನ ಪಕ್ಕದಲ್ಲಿ ನೆಲಕ್ಕಿಂತ ತಗ್ಗಿನಲ್ಲಿ ಡ್ರಮ್ಮುಗಳನ್ನು ಇಡಲು ಒಂದು ಗುಂಡಿ ಇದ್ದರೆ ನೀರನ್ನು ಅವುಗಳಿಗೆ ಬಿಡಿ. ಪೈಪಿನ ತುದಿಗೆ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದರೆ ಎಲೆ, ಮರಳು ಅಲ್ಲೇ ನಿಲ್ಲುತ್ತವೆ. ನುಣ್ಣನೆ ಧೂಳು ಪಂಚೆಯನ್ನೂ ದಾಟುತ್ತದೆ, ಅದನ್ನು ಡ್ರಮ್ಮಿನಲ್ಲಿ ಒಂದು ರಾತ್ರಿ ಕೂರಲು ಬಿಡಬೇಕು. ಮಾರನೇ ದಿನ ಮೇಲಿನ ಮುಕ್ಕಾಲು ಪಾಲು ತಿಳಿನೀರನ್ನು ಮೆಲ್ಲಗೆ ಪೂಲಿಗೆ ವಾಪಸ್ ಹಾಕಿ, ತಳದ ಕೆಸರನ್ನು ಮಾತ್ರ ಚೆಲ್ಲಿ.

ಗಿಡಕ್ಕೆ ಬಿಡುವುದಾದರೆ ಎರಡು ದಿನ ಮೊದಲೇ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ. ತೆಂಗು, ಬೇವು, ಹೊಂಗೆಗೆ ತೊಂದರೆಯಿಲ್ಲ. ತರಕಾರಿ ಮಡಿಗೆ ಬಿಡಬೇಡಿ, ಪಾಚಿಗೆಂದು ತಾಮ್ರದ ಔಷಧ ಹಾಕಿದ ನೀರಾದರೆ ಯಾವ ಗಿಡಕ್ಕೂ ಬೇಡ.

ಫಿಲ್ಟರಿನ ಶುಚಿ

ಕಾರ್ಟ್ರಿಜ್ ಎರಡಿರಲಿ. ಒಂದು ಕೆಲಸದಲ್ಲಿದ್ದಾಗ ಇನ್ನೊಂದು ತೊಳೆದು ಒಣಗಿರಬೇಕು. ನೀರಿನ ಪೈಪನ್ನು ಓರೆಯಾಗಿ ಹಿಡಿದು ಮೇಲಿಂದ ಕೆಳಕ್ಕೆ, ಮಡಿಕೆ ಮಡಿಕೆಯ ನಡುವೆ ಬಿಡಿ. ಕಲ್ಲಿಗೆ ಬಡಿದರೆ, ಬ್ರಷ್ಷಿನಿಂದ ತಿಕ್ಕಿದರೆ ನಾರು ಬಿಡಿಸಿಕೊಂಡು ಫಿಲ್ಟರೇ ಹೋಯಿತು. ಕೆಂಪು ಬಣ್ಣ, ಸವಳು ನೀರಿನ ಬಿಳಿ ಪುಡಿ ಬಿಡದಿದ್ದರೆ ಮೊದಲು ಸಾಬೂನು ನೀರಿನಲ್ಲಿ ಎಣ್ಣೆಜಿಡ್ಡು ತೆಗೆದು, ಚೆನ್ನಾಗಿ ತೊಳೆದು, ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಜಿಡ್ಡು ತೆಗೆಯದೆ ಆಸಿಡ್ಡಿಗೆ ಹಾಕಿದರೆ ಕೊಳೆ ನಾರಿಗೆ ಕಚ್ಚಿಕೊಳ್ಳುತ್ತದೆ.

ಮರಳಿನ ಫಿಲ್ಟರಿನಲ್ಲಿ, ಶುಚಿಯಾಗಿದ್ದಾಗ ಒತ್ತಡದ ಮೀಟರಿನ ಮುಳ್ಳು ಎಲ್ಲಿತ್ತು ಎಂದು ಪೆನ್ನಿನಿಂದ ಗುರುತು ಹಾಕಿಡಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ಮರಳಿನ ಮೂಲಕ ನೀರನ್ನು ಹಿಮ್ಮುಖವಾಗಿ ಹರಿಸಿ ಬ್ಯಾಕ್‌ವಾಶ್ ಮಾಡಿ; ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ, ಎರಡು ಮೂರು ನಿಮಿಷ. ಆಮೇಲೆ ಅರ್ಧದಿಂದ ಒಂದು ನಿಮಿಷ ‘ರಿನ್ಸ್’. ಇದನ್ನು ಬಿಟ್ಟು ನೇರ ಫಿಲ್ಟರಿಗೆ ತಿರುಗಿಸುವುದರಿಂದಲೇ ಬ್ಯಾಕ್‌ವಾಶ್ ಆದ ಕೂಡಲೇ ಪೂಲಿಗೆ ಕೆಂಪು ನೀರು ನುಗ್ಗುತ್ತದೆ. ಮರಳು ಸಾಮಾನ್ಯವಾಗಿ 20ರಿಂದ 40 ಮೈಕ್ರಾನಿಗಿಂತ ಸಣ್ಣ ಕಣವನ್ನು ಹಿಡಿಯದು.

ಎಳೆದ ಮೇಲೆ: ಕ್ಲೋರಿನ್, ಪಿಎಚ್

ಮಟ್ಟಕ್ಕೆ ಸರಿಯಾಗಿ ನೀರು ತುಂಬಿಸಿ, ಪಂಪು ಹಚ್ಚಿ, ಒಂದು ತಾಸಿನ ನಂತರ ಪರೀಕ್ಷೆ ಮಾಡಿ. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು), ಪಿಎಚ್ 7.2ರಿಂದ 7.8 ಇರಬೇಕು. 6,500 ಲೀಟರಿಗೆ ಒಂದು ಪಿಪಿಎಂ ಏರಿಸಲು 10 ಶೇಕಡದ ದ್ರವ ಕ್ಲೋರಿನ್ 65 ಮಿ.ಲೀ., ಅಥವಾ 33 ಶೇಕಡದ ಬ್ಲೀಚಿಂಗ್ ಪೌಡರ್ 20 ಗ್ರಾಂ, ಅಥವಾ 90 ಶೇಕಡದ ಟಿಸಿಸಿಎ (ಮಾತ್ರೆಯಾಗಿ ಸಿಗುವ ಇನ್ನೊಂದು ಬಗೆಯ ಕ್ಲೋರಿನ್) 7 ಗ್ರಾಂ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ದ್ರವವೂ ಪೌಡರೂ ಡಬ್ಬಿಯಲ್ಲೇ ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದ ಅಳತೆ ಹಾಕಿ ಸುಮ್ಮನಾಗದೆ ಪರೀಕ್ಷೆ ಮಾಡಿಯೇ ನಂಬಿ, ಸಣ್ಣ ಪ್ಯಾಕೆಟ್ಟನ್ನೇ ಕೊಳ್ಳಿ.

ಬ್ಲೀಚಿಂಗ್ ಪೌಡರನ್ನು ನೇರ ಪೂಲಿಗೆ ಎರಚಿದರೆ ಸುಣ್ಣದ ಪುಡಿ ತಳದಲ್ಲಿ ಕೂತು ನಿಮ್ಮ ಬೆಳಗಿನ ಕೆಲಸವೆಲ್ಲ ವ್ಯರ್ಥ. ಬಕೆಟ್ ನೀರಿಗೆ ಪೌಡರ್ ಹಾಕಿ ಕಲಸಿ, ಒಂದು ತಾಸು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಯಾವತ್ತೂ ಔಷಧವನ್ನು ನೀರಿಗೆ ಹಾಕಬೇಕು, ಔಷಧದ ಮೇಲೆ ನೀರು ಸುರಿಯಬಾರದು. ಬ್ಲೀಚಿಂಗ್ ಪೌಡರ್ ಮತ್ತು ಟಿಸಿಸಿಎ ಬೆರೆತರೆ ಬೆಂಕಿ ಹತ್ತಿ ಸಿಡಿಯಬಹುದು. ಎರಡಕ್ಕೂ ಒಂದೇ ಚಮಚ, ಒಂದೇ ಬಕೆಟ್ ಕೂಡ ಬೇಡ. ಆಸಿಡ್ ಮತ್ತು ಕ್ಲೋರಿನ್ ಸೇರಿದರೆ ವಿಷಗಾಳಿ ಏಳುತ್ತದೆ.

ಕ್ಲೋರಿನ್ ಸಂಜೆಯೇ ಹಾಕಬೇಕು. ನಡುಮಧ್ಯಾಹ್ನದ ಬಿಸಿಲಿಗೆ ರಕ್ಷಣೆಯಿಲ್ಲದ ಕ್ಲೋರಿನ್ ಕೆಲವೇ ತಾಸಿನಲ್ಲಿ ಹಾರಿಹೋಗುತ್ತದೆ. ಸಯನೂರಿಕ್ ಆಸಿಡ್ 30 ಪಿಪಿಎಂ ಇದ್ದರೆ ನಿಲ್ಲುತ್ತದೆ. ಹೊಸ ನೀರಿಗೆ ಸುಮಾರು 195 ಗ್ರಾಂ. ಆದರೆ ಟಿಸಿಸಿಎ ಮಾತ್ರೆ ಬಳಸುವವರು ಇದನ್ನು ಬೇರೆ ಹಾಕಬೇಕಿಲ್ಲ. ಮಾತ್ರೆ ಕೊಡುವ ಪ್ರತಿ ಪಿಪಿಎಂ ಕ್ಲೋರಿನ್ನಿನ ಜೊತೆ 0.6 ಪಿಪಿಎಂ ಸಯನೂರಿಕ್ ತಾನಾಗಿ ಸೇರುತ್ತ ಹೋಗುತ್ತದೆ, ನೀರು ಆವಿಯಾದರೂ ಅದು ಉಳಿಯುತ್ತದೆ. ಅದು ಅತಿಯಾದರೆ ಕ್ಲೋರಿನ್ ಇದ್ದೂ ಇಲ್ಲದಂತೆ. ಆಗ ಒಂದಷ್ಟು ನೀರು ಬದಲಿಸುವುದೇ ದಾರಿ, ಹಾಗಾಗಿ ತಳ ಎಳೆಯುವಾಗ ಹೋಗುವ ನೀರು ಪೂರ್ತಿ ನಷ್ಟವೇನಲ್ಲ.

ಸವಳು ಬೋರು ನೀರಿನಲ್ಲಿ ಪಿಎಚ್ ಮೇಲೇರುತ್ತಲೇ ಇರುತ್ತದೆ. ಇಳಿಸಲು 30 ಶೇಕಡದ ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್ ಸಾವಿರ ಲೀಟರಿಗೆ 10 ಮಿ.ಲೀ.ನಂತೆ, ಅಂದರೆ 65 ಮಿ.ಲೀ., ಒಂದು ಬಕೆಟ್ ನೀರಿಗೆ ಬೆರೆಸಿ ಪಂಪು ಓಡುವಾಗ ಸುತ್ತಲೂ ಹಾಕಿ. ಸುಮಾರು 0.2 ಇಳಿಯುತ್ತದೆ, ನೀರಿನ ಕ್ಷಾರ ಹೆಚ್ಚಿದ್ದರೆ ಇನ್ನೂ ಕಡಿಮೆ. ನಾಲ್ಕು ತಾಸು ಬಿಟ್ಟು ಪರೀಕ್ಷಿಸಿ, ಬೇಕಾದರೆ ಮತ್ತೆ ಹಾಕಿ. ಬಣ್ಣ, ವಾಸನೆ ಸೇರಿಸಿದ ಕಕ್ಕಸು ತೊಳೆಯುವ ಆಸಿಡ್ ಬೇಡ. ಕೈಗವಸು, ಕನ್ನಡಕ ಬೇಕು.

ತಿಳಿನೀರು ಕಂದಾದರೆ, ಹಾಳೆಗೆ ಕಲೆ ಬಿದ್ದರೆ

ಬೋರಿನಿಂದ ಬಂದಾಗ ಕನ್ನಡಿಯಂತಿದ್ದ ನೀರು ಕ್ಲೋರಿನ್ ಹಾಕಿದ ಅರ್ಧ ತಾಸಿನಲ್ಲಿ ಕಂದಾಯಿತೆಂದರೆ ನೀರು ಕೆಟ್ಟಿತೆಂದು ಚೆಲ್ಲಬೇಡಿ. ನೀರಿನಲ್ಲಿ ಕರಗಿದ್ದ ಕಬ್ಬಿಣ ಕ್ಲೋರಿನ್ ತಾಗಿ ತುಕ್ಕಾಗಿದೆ, ಅಷ್ಟೆ. ಈಗ ಅದು ಕಣವಾಗಿರುವುದರಿಂದ ಆಲಂ ಹಾಕಿ ಕೂರಿಸಿ, ಮೇಲೆ ಹೇಳಿದ ಕ್ರಮದಲ್ಲೇ ಸೈಫನ್ನಿನಿಂದ ಎಳೆದು ಹೊರಹಾಕಬಹುದು. ಮುಂದಿನ ಸಲ ತುಂಬಿಸುವಾಗ ಬೋರಿನ ಪೈಪನ್ನು ಎತ್ತರದಲ್ಲಿ ಹಿಡಿದು ನೀರು ಚೆಲ್ಲಾಪಿಲ್ಲಿಯಾಗಿ ಬೀಳುವಂತೆ ಬಿಡಿ, ಗಾಳಿ ತಾಗಿಯೇ ಕಬ್ಬಿಣದ ಒಂದು ಪಾಲು ಕಣವಾಗುತ್ತದೆ.

ಹಾಳೆಯ ಮೇಲಿನ ಕಂದು ಕಲೆ ಕಬ್ಬಿಣದ್ದೋ ಎಲೆಯದೋ ತಿಳಿಯಲು ಸಕ್ಕರೆಯಿಲ್ಲದ ವಿಟಮಿನ್ ಸಿ ಮಾತ್ರೆಯನ್ನು ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ತಿಳಿಯಾದರೆ ಕಬ್ಬಿಣ. ಕಲೆ ಬಹಳವಿದ್ದರೆ ಕ್ಲೋರಿನ್ ಸೊನ್ನೆಗೆ ಇಳಿಯಲು ಬಿಟ್ಟು, ಆಸ್ಕಾರ್ಬಿಕ್ ಆಸಿಡ್ ಪುಡಿ ಸಾವಿರ ಲೀಟರಿಗೆ 6ರಿಂದ 12 ಗ್ರಾಂ ಹಾಕಿ. ಆಮೇಲೆ ಕೆಲವು ದಿನ ಕ್ಲೋರಿನ್ನನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು, ಒಮ್ಮೆಲೇ ಸುರಿದರೆ ಅದೇ ಕಬ್ಬಿಣ ಅದೇ ಜಾಗದಲ್ಲಿ ಮತ್ತೆ ಕೂರುತ್ತದೆ. ಬ್ಲೀಚಿನಿಂದ ಕಲೆ ತಿಕ್ಕುವವರಿದ್ದಾರೆ. ಕಬ್ಬಿಣದ ಕಲೆ ಅದರಿಂದ ಇನ್ನಷ್ಟು ಗಟ್ಟಿಯಾಗುತ್ತದೆ.

ಹಸಿರು ಪಾಚಿ ಕಟ್ಟಿದ್ದರೆ ಮೊದಲು ಎಳೆಯಲು ಹೋಗಬೇಡಿ. ಸಂಜೆ ಕ್ಲೋರಿನ್ 10 ಪಿಪಿಎಂಗೆ ಏರಿಸಿ, ಅಂದರೆ ದ್ರವ ಕ್ಲೋರಿನ್ ಸುಮಾರು 650 ಮಿ.ಲೀ., ಗೋಡೆ ತಳವೆಲ್ಲ ಬ್ರಷ್ ಮಾಡಿ ಪಂಪು ಓಡಿಸಿ. ನೀರು ಹಸಿರಿನಿಂದ ಬೂದಿಬಣ್ಣಕ್ಕೆ ತಿರುಗುವವರೆಗೆ ಪ್ರತಿ ಸಂಜೆ ಹೀಗೇ. ಸತ್ತ ಪಾಚಿ ಕೂತ ಮೇಲೆ ಎಳೆಯಿರಿ. ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು.

ಎಷ್ಟು ದಿನಕ್ಕೊಮ್ಮೆ

ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಅದಿರಿನ ಲಾರಿ ಓಡುವ ರಸ್ತೆ ಹತ್ತಿರವಿದ್ದರೆ ನಾಲ್ಕು ದಿನಕ್ಕೊಮ್ಮೆ. ಆಷಾಢದ ಗಾಳಿಯಲ್ಲಿ ಎಷ್ಟು ಎಳೆದರೂ ಸಂಜೆಗೆ ತಳ ಮತ್ತೆ ಕೆಂಪು. ಆ ದಿನಗಳಲ್ಲಿ ಗಾಳಿ ಬರುವ ಪಡುವಣ ಬದಿಗೆ ಹಸಿರು ನೆರಳುಬಲೆಯನ್ನು ಎರಡು ಪದರ ಕಟ್ಟಿ, ಈಜದ ಹೊತ್ತಿನಲ್ಲೆಲ್ಲ ಪೂಲು ಮುಚ್ಚಿಡಿ. ಹೊದಿಕೆ ತೆಗೆಯುವ ಮೊದಲು ಅದರ ಮೇಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಹಾಗೇ ಎಳೆದರೆ ಒಂದು ವಾರದ ಧೂಳು ಒಂದೇ ಸಲ ನೀರಿಗೆ ಬೀಳುತ್ತದೆ.

ಕೆಲಸ ಮುಗಿದ ಮೇಲೆ ಪೈಪಿನ ನೀರು ಬಸಿದು, ನೆರಳಿನಲ್ಲಿ ದೊಡ್ಡ ಸುರುಳಿಯಾಗಿ ಸುತ್ತಿಡಿ. ಬಿಸಿಲಿಗೆ ಬಿಟ್ಟ ಪೈಪು ಬೇಗ ಸೀಳುತ್ತದೆ, ಸೂಜಿಯಷ್ಟು ಸೀಳು ಸಾಕು ಮುಂದಿನ ಸಲ ಗಾಳಿ ಎಳೆದು ಸೈಫನ್ ನಿಲ್ಲಲು. ಕ್ಲೋರಿನ್ ಡಬ್ಬಿಗಳನ್ನು ತಗಡಿನ ಶೆಡ್ಡಿನಲ್ಲಾಗಲಿ ಪಂಪಿನ ಪಕ್ಕದಲ್ಲಾಗಲಿ ಇಡಬೇಡಿ. ಗಾಳಿಯಾಡುವ, ತಂಪಾದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ, ಆಸಿಡ್ಡಿನಿಂದ ದೂರವಾಗಿ, ಬ್ಲೀಚಿಂಗ್ ಪೌಡರ್ ಒಂದು ಕಡೆ, ಟಿಸಿಸಿಎ ಇನ್ನೊಂದು ಕಡೆ ಇರಲಿ.